ಬಾಗಿಲು ಮುಚ್ಚಿದ್ದರೆ ಹಾಲಿನ ಸಕ್ಕರೆ ಒಳಗೆ ಹೋದದ್ದು ಹೇಗೆ?

ಹೋದ ತಿಂಗಳು ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದಿದ್ದೆ. ಯಾವ ಸಕ್ಕರೆ ಸಿಗುತ್ತದೋ ಅದಕ್ಕೆ ತಕ್ಕ ಜೀನ್‌ಗಳನ್ನು ಅವು ಚಾಲೂ ಮಾಡಿಕೊಳ್ಳುತ್ತವೆ ಅನ್ನುವ ಒಂದು ಮಾತು ಅದರಲ್ಲಿತ್ತು. ಆ ಒಂದು ಮಾತಿನ ಬೆನ್ನು ಹಿಡಿದು ತುಂಬಾ ಪತ್ರಗಳು ಬಂದಿವೆ. ಮೂವತ್ತೊಂದು ವರ್ಷ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿದವಳಿಗೆ ಇದಕ್ಕಿಂತ ಖುಷಿ ಇನ್ನೇನು ಬೇಕು? ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಪಠ್ಯದಲ್ಲಿ ಲ್ಯಾಕ್ ಓಪೆರಾನ್ ಇದೆ. ಲ್ಯಾಕ್ಟೋಸ್ ಇಲ್ಲದಾಗ ಜೀನ್‌ಗಳು ಬಂದ್, ಲ್ಯಾಕ್ಟೋಸ್ ಬಂದರೆ ಚಾಲೂ ಅಂತ ಓದಿದೆವು. ಆದರೆ ಲ್ಯಾಕ್ಟೋಸನ್ನು ಒಳಗೆ ತರುವ ಪ್ರೋಟೀನ್ ಕೂಡ ಆ ಬಂದ್ ಆಗಿರುವ ಜೀನ್‌ಗಳಿಂದಲೇ ಬರಬೇಕಲ್ವಾ? ಹಾಗಾದರೆ ಮೊಟ್ಟಮೊದಲ ಲ್ಯಾಕ್ಟೋಸ್ ಒಳಗೆ ಹೋದದ್ದು ಹೇಗೆ? ಕ್ಲಾಸಿನಲ್ಲಿ ಕೇಳಿದೆ. ಪರೀಕ್ಷೆಗೆ ಅಷ್ಟೆಲ್ಲ ಬೇಡ ಅಂದರು.
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ತಿಪಟೂರು

ಉತ್ತರ: ಮಗೂ, ನಿನ್ನ ಪತ್ರ ಓದಿ ಕೂತಲ್ಲಿ ಕೂರಲಾಗದೆ ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದೆ. ಈ ಪಾಠವನ್ನು ಎಷ್ಟೋ ಬ್ಯಾಚ್‌ಗಳಿಗೆ ಮಾಡಿದ್ದೇನೆ. ಈ ಪ್ರಶ್ನೆ ಕೇಳಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು. ಪರೀಕ್ಷೆಗೆ ಬೇಡದಿರಬಹುದು, ವಿಷಯ ಅರ್ಥವಾಗಬೇಕಾದರೆ ಇದೇ ಬೇಕು.

ಬೇರೆ ಓದುಗರಿಗಾಗಿ ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮ ಕರುಳಿನಲ್ಲಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಇದೆ. ಗ್ಲೂಕೋಸ್ ಅದಕ್ಕೆ ಸುಲಿದಿಟ್ಟ ಕಡಲೆಬೀಜ ಇದ್ದ ಹಾಗೆ, ಬಾಯಿಗೆ ಹಾಕಿಕೊಂಡರೆ ಆಯಿತು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಎರಡು ಬೀಜದ ಕಡಲೆಕಾಯಿ. ಅದರಲ್ಲಿ ಒಂದು ಗ್ಲೂಕೋಸ್, ಒಂದು ಗ್ಯಾಲಕ್ಟೋಸ್ ಅಂಟಿಕೊಂಡಿವೆ. ಅದನ್ನು ತಿನ್ನಲು ಇಬ್ಬರು ಆಳು ಬೇಕು. ಕೋಶದ ಪೊರೆಯಲ್ಲಿ ಕೂತು ಲ್ಯಾಕ್ಟೋಸನ್ನು ಒಳಗೆ ಎಳೆದುಕೊಳ್ಳುವವನು ಪರ್ಮಿಯೇಸ್. ಒಳಗೆ ಬಂದದ್ದನ್ನು ಎರಡಾಗಿ ಒಡೆಯುವವನು ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ. ಇವರಿಬ್ಬರ ಜೀನ್‌ಗಳು ಡಿಎನ್‌ಎಯಲ್ಲಿ ಅಕ್ಕಪಕ್ಕ ಇವೆ. ಜೊತೆಗೆ ಮೂರನೆಯದೊಂದಿದೆ. ಮೂರನ್ನೂ ಕೋಶ ಒಂದೇ ಸಲಕ್ಕೆ ಓದಿ ಅವುಗಳ ಪ್ರೋಟೀನ್ ಮಾಡಿಕೊಳ್ಳುತ್ತದೆ. ಹೀಗೆ ಒಟ್ಟಿಗೆ ಓದಿಸಿಕೊಳ್ಳುವ ಜೀನ್‌ಗಳ ಸಾಲಿಗೆ ಓಪೆರಾನ್ ಅಂತ ಹೆಸರು, ಲ್ಯಾಕ್ಟೋಸಿನದು ಲ್ಯಾಕ್ ಓಪೆರಾನ್. ಈ ಸಾಲಿನ ಬಾಗಿಲಲ್ಲೇ ರಿಪ್ರೆಸರ್ ಅನ್ನುವ ಪ್ರೋಟೀನ್ ಡಿಎನ್‌ಎಯನ್ನು ಬಿಗಿಯಾಗಿ ಹಿಡಿದು ಕೂತಿರುತ್ತದೆ. ಅದು ಕೂತಿರುವಷ್ಟು ಹೊತ್ತು ಜೀನ್‌ಗಳನ್ನು ಓದಲು ಆಗುವುದಿಲ್ಲ.

ಹೀಗೆ ತಡೆದು ಇಡುವುದೇಕೆ ಅಂದರೆ ಖರ್ಚು ಜಾಸ್ತಿ. ಒಂದು ಬೀಟಾ-ಗ್ಯಾಲಕ್ಟೋಸಿಡೇಸ್ ಕಟ್ಟಬೇಕಾದರೆ ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲ ಪೋಣಿಸಿದ ನಾಲ್ಕು ಸರ ಬೇಕು. ಪೂರ್ತಿ ಚಾಲೂ ಆದ ಕೋಶದಲ್ಲಿ ಇಂಥವು ಸಾವಿರಗಟ್ಟಲೆ ಇರುತ್ತವೆ. ಹಾಲೇ ಇಲ್ಲದ ಕಡೆ ಇಷ್ಟು ಸಾಮಾನು ಕಟ್ಟುತ್ತಾ ಕೂತ ಬ್ಯಾಕ್ಟೀರಿಯಾ, ಕಟ್ಟದೆ ಇದ್ದ ಪಕ್ಕದ ಬ್ಯಾಕ್ಟೀರಿಯಾಕ್ಕಿಂತ ಹಿಂದೆ ಬೀಳುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರೋಣ. ಅದು ನೀನು ಅಂದುಕೊಂಡಿದ್ದಕ್ಕಿಂತ ಇನ್ನೂ ಗಟ್ಟಿ ಪ್ರಶ್ನೆ. ಯಾಕೆ ಗೊತ್ತಾ? ರಿಪ್ರೆಸರನ್ನು ಎಬ್ಬಿಸುವುದು ಲ್ಯಾಕ್ಟೋಸ್ ಅಲ್ಲ. ಅಲ್ಲೋಲ್ಯಾಕ್ಟೋಸ್ ಅನ್ನುವ, ಅದರ ಸ್ವಲ್ಪ ತಿರುಚಿದ ರೂಪ. ಅದನ್ನು ಮಾಡುವವರು ಯಾರು? ಅದೇ ಬೀಟಾ-ಗ್ಯಾಲಕ್ಟೋಸಿಡೇಸ್. ಅಂದರೆ ಒಳಗೆ ತರುವವನೂ ಬೀಗದೊಳಗೆ, ಬೀಗ ತೆಗೆಯುವ ಕೀ ಮಾಡುವವನೂ ಬೀಗದೊಳಗೆ!

ಉತ್ತರ ಇಷ್ಟೇ: ಬಾಗಿಲು ಯಾವತ್ತೂ ಪೂರ್ತಿ ಮುಚ್ಚಿರುವುದಿಲ್ಲ. ನಿನ್ನ ಪಠ್ಯದಲ್ಲೇ ಇದರ ಬಗ್ಗೆ ಒಂದು ಸಾಲು ಇದೆ, ಮತ್ತೊಮ್ಮೆ ಹುಡುಕು. ಓಪೆರಾನ್ ಎಲ್ಲ ಕಾಲಕ್ಕೂ ತುಂಬಾ ಕಡಿಮೆ ಮಟ್ಟದಲ್ಲಿ ಕೆಲಸ ಮಾಡುತ್ತಲೇ ಇರಬೇಕು ಅನ್ನುವ ಸಾಲು. ಒಂದು ಕೋಶದಲ್ಲಿ ರಿಪ್ರೆಸರ್ ಇರುವುದು ಸುಮಾರು ಹತ್ತು ಮಾತ್ರ. ಅದು ಡಿಎನ್‌ಎಗೆ ಅಂಟು ಹಾಕಿದಂತೆ ಕಚ್ಚಿಕೊಂಡಿರುವುದಿಲ್ಲ. ಆಗಾಗ ಕೈ ಸಡಿಲ ಆಗುತ್ತದೆ. ಆ ಗಳಿಗೆಯಲ್ಲಿ ಜೀನ್ ಒಮ್ಮೆ ಓದಿಸಿಕೊಂಡು ಬಿಡುತ್ತದೆ. ನಲ್ಲಿ ಬಿಗಿ ಮಾಡಿದ ಮೇಲೂ ಬಕೆಟ್ಟಿಗೆ ಒಂದೊಂದು ಹನಿ ಬೀಳುತ್ತದಲ್ಲ, ಹಾಗೆ. ಆ ಹನಿಯಿಂದ ಕೋಶದಲ್ಲಿ ಬೆರಳೆಣಿಕೆಯಷ್ಟು ಪರ್ಮಿಯೇಸ್, ಬೆರಳೆಣಿಕೆಯಷ್ಟು ಕಿಣ್ವ ಸದಾ ಇರುತ್ತವೆ. ಹಾಲು ಬಂದಾಗ ಮೊದಲ ಲ್ಯಾಕ್ಟೋಸ್ ಒಳಗೆ ಹೋಗುವುದು ಇವುಗಳ ಮೂಲಕ. ಅದರಲ್ಲಿ ಸ್ವಲ್ಪ ಅಲ್ಲೋಲ್ಯಾಕ್ಟೋಸ್ ಆಗುತ್ತದೆ, ರಿಪ್ರೆಸರ್ ಎದ್ದು ಹೋಗುತ್ತದೆ, ಇನ್ನಷ್ಟು ಪರ್ಮಿಯೇಸ್ ಬರುತ್ತದೆ, ಇನ್ನಷ್ಟು ಲ್ಯಾಕ್ಟೋಸ್ ಒಳಗೆ ಬರುತ್ತದೆ. ಒಂದರಿಂದ ಒಂದು ಏರುತ್ತಾ ಹೋಗಿ ಕಿಣ್ವ ಸುಮಾರು ಸಾವಿರ ಪಟ್ಟು ಆಗುತ್ತದೆ.

ಈ ಸಡಿಲಾಗುವುದನ್ನು ಕಣ್ಣಾರೆ ಕಂಡವರೂ ಇದ್ದಾರೆ. 2008ರಲ್ಲಿ ಹಾರ್ವರ್ಡ್‌ನಲ್ಲಿ ಸನ್ನಿ ಷೀ ಅವರ ತಂಡ ಪರ್ಮಿಯೇಸ್‌ಗೆ ಹೊಳೆಯುವ ಪ್ರೋಟೀನ್ ಜೋಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೇ ಎಣಿಸಿತು. ಅವರು ಕಂಡದ್ದು ನನಗೆ ತುಂಬಾ ಇಷ್ಟ. ರಿಪ್ರೆಸರ್ ಎರಡು ಕೈಯಿಂದ ಡಿಎನ್‌ಎಯನ್ನು ಎರಡು ಕಡೆ ಹಿಡಿದು, ನಡುವಿನ ಭಾಗವನ್ನು ಬಳೆಯಂತೆ ಬಗ್ಗಿಸಿ ಕೂತಿರುತ್ತದೆ. ಒಂದು ಕೈ ಜಾರಿದರೆ ಇನ್ನೊಂದು ಕೈ ಹಿಡಿದೇ ಇರುವುದರಿಂದ ಬೇಗ ಮತ್ತೆ ಹಿಡಿಯುತ್ತದೆ. ಅಷ್ಟರಲ್ಲಿ ಒಂದೆರಡು ಪರ್ಮಿಯೇಸ್ ಆಗುತ್ತವೆ. ಎರಡೂ ಕೈ ಒಟ್ಟಿಗೆ ಬಿಟ್ಟುಹೋದರೆ ವಾಪಸ್ ಬಂದು ಕೂರಲು ತಡವಾಗುತ್ತದೆ, ಆಗ ಒಂದೇ ಸಲಕ್ಕೆ ನೂರಾರು. ಕೋಶ ಪೂರ್ತಿ ಚಾಲೂ ಆಗಬೇಕಾದರೆ ಮುನ್ನೂರಕ್ಕೂ ಹೆಚ್ಚು ಪರ್ಮಿಯೇಸ್ ಬೇಕು ಅಂತ ಅವರ ಲೆಕ್ಕ. ಒಂದೆರಡು ಇದ್ದರೆ ಸಾಲದು.

ಅದಕ್ಕೇ ಒಂದು ವಿಚಿತ್ರ ನಡೆಯುತ್ತದೆ. ಎಬ್ಬಿಸುವ ವಸ್ತು ತುಂಬಾ ಕಡಿಮೆ ಇದ್ದಾಗ ಎಲ್ಲ ಕೋಶಗಳೂ ಸ್ವಲ್ಪ ಸ್ವಲ್ಪ ಕಿಣ್ವ ಮಾಡುವುದಿಲ್ಲ. ಕೆಲವು ಪೂರ್ತಿ ಮಾಡುತ್ತವೆ, ಉಳಿದವು ಸುಮ್ನೆ ಇರುತ್ತವೆ. ಇದನ್ನು 1957ರಲ್ಲೇ ಷಿಕಾಗೊದಲ್ಲಿ ನೋವಿಕ್ ಮತ್ತು ವೈನರ್ ತೋರಿಸಿದ್ದರು. ಒಂದೇ ತಾಯಿಯಿಂದ ಬಂದ, ಒಂದೇ ಡಿಎನ್‌ಎ ಇರುವ, ಒಂದೇ ನೀರಿನಲ್ಲಿ ತೇಲುತ್ತಿರುವ ಎರಡು ಕೋಶ. ಒಂದು ಚಾಲೂ, ಒಂದು ಬಂದ್. ಯಾವುದರಲ್ಲಿ ರಿಪ್ರೆಸರ್‌ನ ಎರಡೂ ಕೈ ಆ ಗಳಿಗೆಗೆ ಜಾರಿತ್ತು ಅನ್ನುವುದಷ್ಟೇ ವ್ಯತ್ಯಾಸ. ನಿನ್ನ ಪ್ರಶ್ನೆ ನೇರವಾಗಿ ಇಲ್ಲಿಗೆ ಬಂದು ನಿಲ್ಲುತ್ತದೆ ನೋಡು.

ಪ್ರಶ್ನೆ: ಎರಡೂ ಸಕ್ಕರೆ ಒಟ್ಟಿಗೆ ಇದ್ದರೆ ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸನ್ನೇ ತಿನ್ನುತ್ತದೆ ಎನ್ನುತ್ತಾರೆ. ಕಣ್ಣಿಗೆ ಕಾಣದ ಜೀವಿ ಏನು ತಿಂದಿತು ಎಂದು ಗೊತ್ತಾಗುವುದು ಹೇಗೆ? ಮೊದಲು ಕಂಡವರು ಯಾರು?
— ಪ್ರೌಢಶಾಲಾ ಶಿಕ್ಷಕರು, ಗಂಗಾವತಿ

ಉತ್ತರ: ಸರ್, ಇದನ್ನು ನನ್ನ ಕೈಯಾರೆ ಮಾಡಿ ನೋಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ಎಂ.ಎಸ್ಸಿ. ಓದುವಾಗಿನ ಮಾತು. ಉಪ್ಪುಗಳ ನೀರಿಗೆ ಸ್ವಲ್ಪ ಗ್ಲೂಕೋಸ್, ಅದಕ್ಕಿಂತ ಜಾಸ್ತಿ ಲ್ಯಾಕ್ಟೋಸ್ ಹಾಕಿ ಇ. ಕೋಲಿ ಬಿಟ್ಟಿದ್ದೆ. 37 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಫ್ಲಾಸ್ಕ್ ಅಲುಗಾಡುತ್ತಿತ್ತು. ಬ್ಯಾಕ್ಟೀರಿಯಾ ಹೆಚ್ಚಿದಂತೆ ನೀರು ಮಬ್ಬಾಗುತ್ತದೆ. ಕಾಲು ಗಂಟೆಗೊಮ್ಮೆ ಸ್ವಲ್ಪ ತೆಗೆದು ಕಲರಿಮೀಟರಿನಲ್ಲಿಟ್ಟು ಎಷ್ಟು ಮಬ್ಬು ಅಂತ ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುವುದು ನನ್ನ ಕೆಲಸ. ಬೆಳಿಗ್ಗೆಯಿಂದ ಚುಕ್ಕೆಗಳು ಚೆನ್ನಾಗಿ ಮೇಲೇರುತ್ತಿದ್ದವು. ಊಟದ ಹೊತ್ತಿಗೆ ನಿಂತುಬಿಟ್ಟವು. ಒಂದು ಚುಕ್ಕೆ, ಎರಡು, ಮೂರು, ಎಲ್ಲ ಒಂದೇ ಎತ್ತರ. ಬ್ಯಾಕ್ಟೀರಿಯಾ ಸತ್ತುಹೋಯಿತು, ಒಂದು ದಿನದ ಕೆಲಸ ಹಾಳಾಯಿತು ಅಂತ ಅಳುವೇ ಬಂತು. ಫ್ಲಾಸ್ಕ್ ತೆಗೆಯಲು ಕೈ ಹಾಕಿದ್ದೆ. ಹಿರಿಯ ವಿದ್ಯಾರ್ಥಿನಿಯೊಬ್ಬರು ನನ್ನ ಕೈ ಹಿಡಿದು, "ತಾಳೇ, ಇನ್ನೊಂದು ರೀಡಿಂಗ್ ತಗೋ" ಅಂದರು. ನಾಲ್ಕನೆಯದು ಕೂದಲೆಳೆಯಷ್ಟು ಮೇಲಿತ್ತು. ಐದನೆಯದು ಇನ್ನೂ ಮೇಲೆ. ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ಎರಡು ಮೆಟ್ಟಿಲು, ನಡುವೆ ಒಂದು ಜಗಲಿ.

ಆ ಜಗಲಿಯಲ್ಲಿ ಏನಾಯಿತು ಅನ್ನುವುದನ್ನು ಬಣ್ಣದಲ್ಲಿ ನೋಡಬಹುದು. ಓಎನ್‌ಪಿಜಿ ಅನ್ನುವ ಒಂದು ವಸ್ತು ಇದೆ. ಅದಕ್ಕೆ ಬಣ್ಣ ಇಲ್ಲ. ಬೀಟಾ-ಗ್ಯಾಲಕ್ಟೋಸಿಡೇಸ್ ಅದನ್ನು ಒಡೆದರೆ ಹಳದಿ ಆಗುತ್ತದೆ. ಜಗಲಿಗೆ ಮುಂಚೆ ತೆಗೆದಿಟ್ಟ ಕೊಳವೆಗೆ ಹಾಕಿದೆ. ಎಷ್ಟು ಹೊತ್ತು ಕಾದರೂ ನೀರಿನಂತೆಯೇ ಇತ್ತು. ಜಗಲಿ ಮುಗಿಯುವಾಗ ತೆಗೆದ ಕೊಳವೆಗೆ ಹಾಕಿದೆ. ನೋಡುತ್ತಿದ್ದಂತೆ ಸೇವಂತಿಗೆ ಹೂವಿನ ಹಳದಿ ಏರಿತು. ಗ್ಲೂಕೋಸ್ ಮುಗಿದ ಮೇಲೆ, ಬೆಳೆಯುವುದನ್ನು ನಿಲ್ಲಿಸಿ, ಅಷ್ಟು ಹೊತ್ತೂ ಅದು ಕಿಣ್ವ ಕಟ್ಟುತ್ತಾ ಕೂತಿತ್ತು. ಆ ಎರಡು ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಇದೇ ವಿಷಯದಲ್ಲಿ ಉಳಿದದ್ದು ಆ ಸಂಜೆಯಿಂದ.

ಈ ಎರಡು ಮೆಟ್ಟಿಲನ್ನು ಮೊದಲು ಕಂಡು ಬೆನ್ನುಹತ್ತಿದವರು ಪ್ಯಾರಿಸ್‌ನ ಜಾಕ್ ಮೊನೊ. ಎರಡನೇ ಮಹಾಯುದ್ಧದ ಕಾಲ, ಊರು ಜರ್ಮನರ ಕೈಯಲ್ಲಿತ್ತು. ಮೊನೊ ಸೊರ್ಬಾನ್‌ನಲ್ಲಿ ಡಾಕ್ಟರೇಟ್ ಕೆಲಸ ಮಾಡುತ್ತಿದ್ದರು. ಎರಡೆರಡು ಸಕ್ಕರೆ ಬೆರೆಸಿ ಬ್ಯಾಕ್ಟೀರಿಯಾ ಬೆಳೆಸಿದಾಗ ಕೆಲವು ಜೋಡಿಗಳಲ್ಲಿ ಈ ಮೆಟ್ಟಿಲು ಬಂತು. ಅದಕ್ಕೆ ಡೈಆಕ್ಸಿ ಅಂತ ಹೆಸರಿಟ್ಟರು, ಎರಡು ಬೆಳವಣಿಗೆ ಅಂತ ಅರ್ಥ. ಗ್ಲೂಕೋಸ್ ಜಾಸ್ತಿ ಹಾಕಿದರೆ ಮೊದಲ ಮೆಟ್ಟಿಲು ಎತ್ತರ, ಕಡಿಮೆ ಹಾಕಿದರೆ ಗಿಡ್ಡ. ಯಾವುದನ್ನು ಮೊದಲು ತಿಂದಿತು ಅಂತ ಗೊತ್ತಾದದ್ದು ಹೀಗೆ. 1940ರ ಡಿಸೆಂಬರ್‌ನಲ್ಲಿ ಆ ಗೆರೆಯನ್ನು ಪಾಸ್ಟರ್ ಇನ್‌ಸ್ಟಿಟ್ಯೂಟಿನ ಆಂದ್ರೆ ಲ್ವೋಫ್ ಅವರಿಗೆ ತೋರಿಸಿದರು. ಇದಕ್ಕೂ ಕಿಣ್ವಗಳು ಆಹಾರಕ್ಕೆ ಹೊಂದಿಕೊಳ್ಳುವುದಕ್ಕೂ ಸಂಬಂಧ ಇರಬಹುದು ಅಂದರಂತೆ ಲ್ವೋಫ್. ಆ ಒಂದು ಮಾತಿನ ಹಿಂದೆ ಮೊನೊ ಇಪ್ಪತ್ತು ವರ್ಷ ನಡೆದರು. ನಡುವೆ ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡಿದರು.

ಯುದ್ಧ ಮುಗಿದ ಮೇಲೆ ಅವರ ಜೊತೆ ಸೇರಿದವರು ಫ್ರಾನ್ಸ್ವಾ ಜಾಕೋಬ್. ಸರ್ಜನ್ ಆಗಬೇಕೆಂದಿದ್ದ ಹುಡುಗ. 1944ರಲ್ಲಿ ನಾರ್ಮಂಡಿಯಲ್ಲಿ ಬಾಂಬಿಗೆ ಸಿಕ್ಕಿ ಮೈಯೆಲ್ಲ ಗಾಯ, ಆ ಆಸೆ ಅಲ್ಲಿಗೆ ಮುಗಿಯಿತು. ಅಮೆರಿಕದಿಂದ ಬಂದ ಆರ್ಥರ್ ಪಾರ್ಡಿ ಜೊತೆ ಸೇರಿ ಈ ಇಬ್ಬರೂ ಒಂದು ಪ್ರಯೋಗ ಮಾಡಿದರು. ಲ್ಯಾಕ್ ಜೀನ್‌ಗಳೂ ರಿಪ್ರೆಸರ್ ಜೀನೂ ಸರಿಯಿರುವ ಬ್ಯಾಕ್ಟೀರಿಯಾದಿಂದ, ಅವೆರಡೂ ಕೆಟ್ಟಿರುವ ಬ್ಯಾಕ್ಟೀರಿಯಾಕ್ಕೆ ಡಿಎನ್‌ಎ ದಾಟಿಸಿದರು. ಹತ್ತಿರದಲ್ಲಿ ಲ್ಯಾಕ್ಟೋಸ್ ಇಲ್ಲ. ಆದರೂ ದಾಟಿದ ಕೆಲವೇ ನಿಮಿಷಕ್ಕೆ ಕಿಣ್ವ ತಯಾರಾಗತೊಡಗಿತು! ಒಂದೆರಡು ಗಂಟೆ ಕಳೆದ ಮೇಲೆ ತಾನಾಗಿ ನಿಂತಿತು. ಅಂದರೆ ಲ್ಯಾಕ್ಟೋಸ್ ಬಂದು 'ಶುರು ಮಾಡು' ಅಂತ ಹೇಳುವುದಲ್ಲ. ಕೆಲಸ ತಾನಾಗಿ ಶುರುವಾಗುವಂಥದ್ದೇ, ತಡೆಯುವವನೊಬ್ಬ ಬೇರೆ ಇದ್ದಾನೆ. ಹೊಸ ಮನೆಯಲ್ಲಿ ಅವನು ಇನ್ನೂ ಹುಟ್ಟಿರಲಿಲ್ಲ, ಹುಟ್ಟಿ ಬಂದ ಮೇಲೆ ತಡೆದ. 1961ರಲ್ಲಿ ಇಬ್ಬರೂ ಇದನ್ನೆಲ್ಲ ಕೂಡಿಸಿ ಬರೆದರು. 1965ರಲ್ಲಿ ಜಾಕೋಬ್, ಲ್ವೋಫ್, ಮೊನೊ ಮೂವರಿಗೂ ನೊಬೆಲ್ ಬಂತು. ಆಗಿನ್ನೂ ರಿಪ್ರೆಸರನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ಮರು ವರ್ಷ ಗಿಲ್ಬರ್ಟ್ ಮತ್ತು ಮ್ಯೂಲರ್-ಹಿಲ್ ಅದನ್ನು ಬೇರ್ಪಡಿಸಿದರು.

ಗ್ಲೂಕೋಸ್ ಇದ್ದಾಗ ಲ್ಯಾಕ್ಟೋಸನ್ನು ಮುಟ್ಟದೇ ಇರುವುದು ಹೇಗೆ ಅನ್ನುವುದಕ್ಕೆ ಪುಸ್ತಕಗಳಲ್ಲಿ ಸೈಕ್ಲಿಕ್ ಎಎಂಪಿ ಅನ್ನುವ, ಕೋಶದೊಳಗೆ ಸುದ್ದಿ ಮುಟ್ಟಿಸುವ ವಸ್ತುವಿನ ಕತೆ ಇರುತ್ತದೆ. ಗ್ಲೂಕೋಸ್ ಇದ್ದರೆ ಆ ವಸ್ತು ಕಡಿಮೆಯಾಗುತ್ತದೆ, ಅದು ಕಡಿಮೆಯಾದರೆ ಲ್ಯಾಕ್ ಜೀನ್‌ಗಳಿಗೆ ಜೋರು ಬರುವುದಿಲ್ಲ ಅಂತ. ಅದು ಸುಳ್ಳಲ್ಲ. ಆದರೆ ಎರಡು ಮೆಟ್ಟಿಲಿಗೆ ಮುಖ್ಯ ಕಾರಣ ಇನ್ನೊಂದು. ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವ ವ್ಯವಸ್ಥೆಯಲ್ಲಿ ಒಂದು ಪ್ರೋಟೀನ್ ಇದೆ. ಗ್ಲೂಕೋಸ್ ಹರಿದು ಬರುತ್ತಿರುವಷ್ಟು ಹೊತ್ತು ಅದು ಹೋಗಿ ಪರ್ಮಿಯೇಸ್‌ಗೆ ಅಡ್ಡ ಕೂರುತ್ತದೆ. ಸೋರಿಕೆಯಿಂದ ಹುಟ್ಟಿದ ಆ ನಾಲ್ಕೈದು ಪರ್ಮಿಯೇಸ್‌ಗಳೂ ಆಗ ಕೆಲಸ ಮಾಡುವುದಿಲ್ಲ. 1996ರಲ್ಲಿ ಜಪಾನಿನ ಸಂಶೋಧಕರು ಇದನ್ನು ತೂಗಿ ನೋಡಿ, ಡೈಆಕ್ಸಿಗೆ ಈ ಬಾಗಿಲ ತಡೆಯೇ ಕಾರಣ ಅಂತ ತೋರಿಸಿದರು. ನಿಮ್ಮ ಮಕ್ಕಳಿಗೆ ಇದನ್ನೂ ಹೇಳಿ ಸರ್.

ಪ್ರಶ್ನೆ: ಬ್ಯಾಕ್ಟೀರಿಯಾ ಯಾವ ಸಕ್ಕರೆ ತಿಂದರೆ ನಮಗೇನು? ಇದರಿಂದ ಉಪಯೋಗ ಆಗಿದೆಯಾ?
— ಬಿ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಆಗಿದೆ. ಬೇಕಾದಾಗ ತೆಗೆದು ಬೇಡವಾದಾಗ ಮುಚ್ಚಬಹುದಾದ ಸ್ವಿಚ್ ಅಂದರೆ ಅದರ ಮುಂದೆ ಬೇರೆ ಯಾವ ಜೀನನ್ನಾದರೂ ಜೋಡಿಸಬಹುದು. 1977ರಲ್ಲಿ ಮನುಷ್ಯನ ಸೊಮ್ಯಾಟೊಸ್ಟ್ಯಾಟಿನ್ ಹಾರ್ಮೋನಿನ ಜೀನನ್ನು ಬೀಟಾ-ಗ್ಯಾಲಕ್ಟೋಸಿಡೇಸ್ ಜೀನಿನ ಬಾಲಕ್ಕೆ ಅಂಟಿಸಿ ಇ. ಕೋಲಿಯೊಳಗೆ ಹಾಕಿದರು. ಬ್ಯಾಕ್ಟೀರಿಯಾ ಆ ಹಾರ್ಮೋನನ್ನೂ ಮಾಡಿಕೊಟ್ಟಿತು. ಮರು ವರ್ಷ ಇದೇ ದಾರಿಯಲ್ಲಿ ಇನ್ಸುಲಿನ್ ಬಂತು. ಅಲ್ಲಿಯವರೆಗೆ ಇನ್ಸುಲಿನ್ ಅಂದರೆ ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುವುದು. ಬ್ಯಾಕ್ಟೀರಿಯಾದಿಂದ ಬಂದ ಇನ್ಸುಲಿನ್ ಔಷಧಿಗೆ 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಮ್ಮ ಹದಿನಾಲ್ಕು ವರ್ಷ ಇನ್ಸುಲಿನ್ ತೆಗೆದುಕೊಂಡರು. ಬೆಳಿಗ್ಗೆ ಫ್ರಿಜ್‌ನಿಂದ ಆ ಪುಟ್ಟ ಸೀಸೆ ತೆಗೆದು ಅಂಗೈಯಲ್ಲಿ ಹೊರಳಿಸುತ್ತಿದ್ದಾಗ ನನಗೆ ನನ್ನ ಎರಡು ಕೊಳವೆಗಳೇ ನೆನಪಾಗುತ್ತಿದ್ದವು.

ಪ್ರಶ್ನೆ: ನಮ್ಮ ಯಜಮಾನರಿಗೆ ವಯಸ್ಸು ಐವತ್ತು. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಗುಡುಗುಡು. ಬ್ಯಾಕ್ಟೀರಿಯಾದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಹಾಲು ಕುಡಿಸಿದರೆ ಅವರ ಜೀನೂ ಚಾಲೂ ಆಗುತ್ತದೆಯೇ? ಮೊಸರು ಮಾತ್ರ ಆಗುತ್ತದೆ, ಅದು ಯಾಕೆ?
— ಗೃಹಿಣಿ, ಶಿರಸಿ

ಉತ್ತರ: ಅಮ್ಮಾ, ಚೆನ್ನಾಗಿ ಯೋಚನೆ ಮಾಡಿದ್ದೀರಿ. ಆದರೆ ನಮ್ಮ ಜೀನ್ ಹಾಗೆ ಕೆಲಸ ಮಾಡುವುದಿಲ್ಲ. ಲ್ಯಾಕ್ಟೋಸ್ ಒಡೆಯುವ ನಮ್ಮ ಕಿಣ್ವದ ಹೆಸರು ಲ್ಯಾಕ್ಟೇಸ್. ಅದು ಹಾಲು ಬಂತಾ ಇಲ್ಲವಾ ಅಂತ ನೋಡುವುದಿಲ್ಲ, ವಯಸ್ಸು ನೋಡುತ್ತದೆ. ಎಳೆ ಮಗುವಿನಲ್ಲಿ ಜೋರಾಗಿರುತ್ತದೆ, ಹಾಲು ಬಿಡಿಸಿದ ಮೇಲೆ ಬಹಳಷ್ಟು ಜನರಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಕೆಲವರಲ್ಲಿ ಆ ಜೀನಿನ ಹಿಂದಿರುವ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅವರಿಗೆ ಮುಪ್ಪಿನವರೆಗೂ ಕಿಣ್ವ ಇರುತ್ತದೆ. ನಮ್ಮ ದೇಶದಲ್ಲಿ ಆ ಬದಲಾವಣೆ ವಾಯವ್ಯದ ಕಡೆ ಜಾಸ್ತಿ, ದಕ್ಷಿಣಕ್ಕೆ ಬಂದಂತೆ ಕಡಿಮೆ. ನಿಮ್ಮ ಯಜಮಾನರಿಗೆ ಆಗಿರುವುದು ರೋಗ ಅಲ್ಲ. ದಿನಾ ಕುಡಿಸಿದರೂ ಲ್ಯಾಕ್ಟೇಸ್ ವಾಪಸ್ ಬರುವುದಿಲ್ಲ.

ಹಾಗಂತ ಸ್ವಲ್ಪ ಸ್ವಲ್ಪ ಕುಡಿಸುವುದು ದಂಡ ಅಲ್ಲ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಗಾಳಿ ಬಿಡುವುದರಿಂದಲೇ ಆ ಗುಡುಗುಡು. ದಿನಾ ಸ್ವಲ್ಪ ಲ್ಯಾಕ್ಟೋಸ್ ಸಿಗುತ್ತಿದ್ದರೆ ಅವು ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತವೆ, ಉಬ್ಬರ ಕಡಿಮೆಯಾಗುತ್ತದೆ. ಹೊಂದಿಕೊಂಡದ್ದು ನಿಮ್ಮ ಯಜಮಾನರಲ್ಲ, ಅವರ ಹೊಟ್ಟೆಯೊಳಗಿನವು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಹತ್ತು ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಒಂದೇ ಸಲಕ್ಕೆ ಅಷ್ಟು ಬೇಡ, ಅರ್ಧ ಲೋಟ, ಅದೂ ಊಟದ ಜೊತೆ ಕೊಟ್ಟು ನೋಡಿ. ತೂಕ ಇಳಿಯುತ್ತಿದ್ದರೆ, ಅಥವಾ ಹಾಲು ಬಿಟ್ಟ ಮೇಲೂ ಭೇದಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಇನ್ನು ಮೊಸರು. ಹೆಪ್ಪು ಹಾಕಿದ ರಾತ್ರಿ ಮೊಸರಿನ ಬ್ಯಾಕ್ಟೀರಿಯಾಗಳು ಒಂದಷ್ಟು ಲ್ಯಾಕ್ಟೋಸನ್ನು ತಿಂದು ಹುಳಿ ಮಾಡಿಬಿಡುತ್ತವೆ. ಅವುಗಳಲ್ಲಿ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಅನ್ನುವುದು ಇ. ಕೋಲಿಗೆ ಪೂರ್ತಿ ತಿರುವುಮುರುವು. ಹಾಲಿನಲ್ಲೇ ಬಾಳಿ ಬಾಳಿ ಅದಕ್ಕೆ ಲ್ಯಾಕ್ಟೋಸೇ ಮೊದಲ ಇಷ್ಟ, ಗ್ಲೂಕೋಸ್ ಕೊಟ್ಟರೆ ಅಷ್ಟು ಚುರುಕಾಗಿ ಬೆಳೆಯುವುದಿಲ್ಲ. ಕಡಲೆಕಾಯಿ ಒಡೆದು ಗ್ಲೂಕೋಸ್ ಬೀಜವನ್ನು ಇಟ್ಟುಕೊಳ್ಳುತ್ತದೆ, ಗ್ಯಾಲಕ್ಟೋಸ್ ಬೀಜವನ್ನು ಹೊರಗೆ ಹಾಕುತ್ತದೆ. ಹಾಗೆ ಒಂದು ಗ್ಯಾಲಕ್ಟೋಸ್ ಹೊರಗೆ ಹೋಗುವ ಬಾಗಿಲಲ್ಲೇ ಇನ್ನೊಂದು ಲ್ಯಾಕ್ಟೋಸ್ ಒಳಗೆ ಬರುತ್ತದೆ.

ಆ ಬ್ಯಾಕ್ಟೀರಿಯಾದ ಒಳಗೆ ಬೀಟಾ-ಗ್ಯಾಲಕ್ಟೋಸಿಡೇಸ್ ತುಂಬಿರುತ್ತದೆ. ಮೊಸರಿನ ಜೊತೆ ಅದು ಹೊಟ್ಟೆ ದಾಟಿ ಸಣ್ಣ ಕರುಳಿಗೆ ಹೋಗಿ, ಅಲ್ಲಿ ಪಿತ್ತರಸ ತಾಗಿ ಸಡಿಲವಾಗಿ, ಉಳಿದ ಲ್ಯಾಕ್ಟೋಸನ್ನು ನಿಮ್ಮ ಯಜಮಾನರ ಪರವಾಗಿ ಒಡೆದುಕೊಡುತ್ತದೆ. ಹಸಿ ಮೊಸರು, ಕಡೆದ ಮಜ್ಜಿಗೆಗೆ ಈ ಗುಣ ಇದೆ. ಮಜ್ಜಿಗೆ ಹುಳಿ ಮಾಡಿ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕಿಣ್ವವೂ ಕೆಡುತ್ತದೆ. ಊಟದ ಕೊನೆಗೆ ಅನ್ನಕ್ಕೆ ಮಜ್ಜಿಗೆ ಹಾಕುವಾಗ ಬಿಸಿ ಮಾಡದೆ ಹಾಗೇ ಹಾಕಿ.